ಗಾಳಿ ಬಂದಾಗ ತೂರಿಕೊಳ್ಳೋಣವೇ?

ಪುಣೆಯ ಕನ್ನಡಿಗರಾದ ನಮಗೆ ಗಾಳಿಯಂತ್ರಗಳು ಹೊಸತೇನಲ್ಲ. ಠೋಸೆಘರ್ ಜಲಪಾತ ನೋಡಲು ಹೋದವರು ಹಾಗೆಯೇ ಮುಂದೆ ಚಾಳಕೆವಾಡಿಗೂ ಹೋಗಿ, ಅವುಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿರುತ್ತಾರೆ. ಬೆಂಗಳೂರಿಗೆ ರಸ್ತೆಯಲ್ಲಿ ಹೊರಟರೆ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ಕಾಣುತ್ತವೆ. ಗದುಗಿನ ಕಡೆಯವರಿಗಂತೂ ಕಪ್ಪತಗುಡ್ಡದವು ಮನೆಯವೇ ಇದ್ದಂತೆ. ಆದರೆ ಅಂಥದ್ದೇ ಚಿಕ್ಕದೊಂದನ್ನು ನಿಮ್ಮ ಮಹಡಿಯ ಮೇಲೆ ನಿಲ್ಲಿಸಿಕೊಡುತ್ತೇವೆ ಎಂದು ಯಾರಾದರೂ ಬಂದರೆ ಏನೆನ್ನುತ್ತೀರಿ?

ನಮ್ಮ ಸೊಸೈಟಿಗೆ ಹಾಗೆ ಒಬ್ಬರು ಬಂದಿದ್ದರು. ನಾಳೆ ತಮ್ಮಲ್ಲಿಗೂ ಬಂದಾರು, ಅದಕ್ಕೇ ಬರೆಯುತ್ತಿದ್ದೇನೆ. ಲಿಫ್ಟು, ನೀರಿನ ಪಂಪು, ಮೆಟ್ಟಿಲಿನ ದೀಪಗಳ ಬಿಲ್ಲು ತಿಂಗಳಿಂದ ತಿಂಗಳಿಗೆ ಏರುತ್ತಿದೆ. ನಮ್ಮಲ್ಲಿ ಅರ್ಧದಷ್ಟು ಮನೆಯವರು ಪಿಂಚಣಿಯ ಮೇಲೆ ಬದುಕುವವರು. ಯಂತ್ರಕ್ಕೆ ಕೊಡಬೇಕಾದದ್ದು ಕಟ್ಟಡದ ದುರಸ್ತಿಗೆಂದು ವರ್ಷಗಟ್ಟಲೆ ಕೂಡಿಟ್ಟ ಹಣ. "ಒಂದು ಕಿಲೋವ್ಯಾಟ್ ಯಂತ್ರ, ಸೂರ್ಯನ ಹಾಗೆ ಇದು ರಾತ್ರಿ ಮಲಗುವುದಿಲ್ಲ" ಎಂದರು ಆ ಮಹಾಶಯರು. ಮಾತು ಕೇಳಲು ಚೆನ್ನಾಗಿಯೇ ಇತ್ತು.

ಇಂಗ್ಲಿಷ್ ಬಿ.ಎ. ಮಾಡಿದವಳಿಗೆ ವಿಜ್ಞಾನವೇಕೆ ಎನ್ನಬೇಡಿ. ಇಲ್ಲಿ ಬೇಕಾದದ್ದು ಗುಣಾಕಾರ, ಭಾಗಾಕಾರ ಅಷ್ಟೆ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರಲ್ಲಿರುವ ಶಕ್ತಿ ಅರ್ಧವಾಗುವುದಿಲ್ಲ, ಎಂಟರಲ್ಲೊಂದು ಭಾಗವಾಗುತ್ತದೆ. ವೇಗ ಮೂರನೇ ಒಂದಕ್ಕಿಳಿದರೆ ಶಕ್ತಿ ಇಪ್ಪತ್ತೇಳರಲ್ಲೊಂದು. ಆ ಯಂತ್ರದ ಒಂದು ಕಿಲೋವ್ಯಾಟ್ ಎನ್ನುವುದು ಸೆಕೆಂಡಿಗೆ 12 ಮೀಟರ್, ಅಂದರೆ ಗಂಟೆಗೆ ಸುಮಾರು 43 ಕಿಲೋಮೀಟರ್ ವೇಗದ ಗಾಳಿಗೆ ಹೇಳಿದ ಲೆಕ್ಕ. ಅಂಥ ಗಾಳಿ ಬೀಸಿದ ದಿನ ನಾವು ಕಿಟಕಿ ಮುಚ್ಚಿ, ಒಣಹಾಕಿದ ಬಟ್ಟೆ ಒಳಗೆ ತರಲು ಓಡುತ್ತೇವೆ! ಸೆಕೆಂಡಿಗೆ 4 ಮೀಟರ್ ಗಾಳಿ ಇದ್ದರೆ ಸಿಗುವುದು 37 ವ್ಯಾಟ್. ಅದೂ ಹಗಲಿರುಳು ಒಂದೇ ಸಮ ಬೀಸಿದರೆ ದಿನಕ್ಕೆ ಒಂದು ಯೂನಿಟ್ಟೂ ತುಂಬದು. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ಟು ಖರ್ಚು. ಒಂದಿಬ್ಬರ ಸ್ನಾನಕ್ಕೆ ಅಲ್ಲಿಗೆ ಮುಗಿಯಿತು.

ಸಾಲದ್ದಕ್ಕೆ ಊರಿನ ಕಟ್ಟಡಗಳ ನಡುವೆ ಗಾಳಿ ಮುರಿದು ಸುಳಿಸುಳಿಯಾಗಿ ಬರುತ್ತದೆ. ಯಂತ್ರದ ನಡುಕ ಛಾವಣಿಗೆ ಇಳಿಯುತ್ತದೆ, ಅದರ ಸದ್ದು ಮೇಲಿನ ಮಹಡಿಯವರ ನಿದ್ದೆಗೆ. ಕಣದಲ್ಲಿ ರಾಶಿ ತೂರುವ ರೈತ ಗಾಳಿಗಾಗಿ ಕಾಯುತ್ತಾನೆ, ಅವನ ಜೋಳವೂ ಕಾಯುತ್ತದೆ. ಲಿಫ್ಟಿನಲ್ಲಿ ನಿಂತವರು ಕಾಯುತ್ತಾರೆಯೇ?

ಅದೇ ಒಂದು ಕಿಲೋವ್ಯಾಟಿನ ಸೌರಫಲಕಕ್ಕೆ ಸುಮಾರು ನೂರು ಚದರಡಿ ಜಾಗ ಸಾಕು. ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ತಿರುಗುವ ಭಾಗವಿಲ್ಲ, ಸದ್ದಿಲ್ಲ, ಧೂಳು ಕೂತಾಗ ತೊಳೆದರಾಯಿತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಒಂಟಿ ಮನೆಗಳಿಗೆ ಎರಡು ಕಿಲೋವ್ಯಾಟಿನವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಮತ್ತು ಅದಕ್ಕೆ ಮೇಲ್ಪಟ್ಟರೆ ಒಟ್ಟು 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ್ದಾರೆ. ನಮ್ಮಂಥ ಸೊಸೈಟಿಗಳ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000. (ಊರಿನ ಅಕ್ಕತಂಗಿಯರಿಗೆ 2023ರಲ್ಲಿ ಗೃಹಜ್ಯೋತಿ ಬಂದು 200 ಯೂನಿಟ್‌ವರೆಗೆ ಉಚಿತವಾಯಿತು. ಹೊರನಾಡಿನ ನಾವು ಮಾತ್ರ ಬಿಲ್ಲು ಕಟ್ಟುವವರೇ!)

ಸ್ನಾನದ ನೀರಿಗಂತೂ ವಿದ್ಯುತ್ತೇ ಬೇಡ, ಬಿಸಿಲಿನಿಂದ ನೇರವಾಗಿ ಕಾಯಿಸುವ ಸೋಲಾರ್ ಹೀಟರೇ ಮೇಲು. ಆಷಾಢ ಶ್ರಾವಣದಲ್ಲಿ ಅದು ಕೈಕೊಡುತ್ತದೆ, ಆಗ ಗೀಸರ್ ಇದ್ದೇ ಇದೆ. ಅಡುಗೆಗೆ ಸದ್ಯಕ್ಕೆ ಸಿಲಿಂಡರ್ ಬಿಟ್ಟರೆ ನಮಗೆ ದಾರಿಯಿಲ್ಲ, ದೇಶಕ್ಕೆ ಬೇಕಾದ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತಿದ್ದರೂ. ಊರಲ್ಲಿ ನಾಲ್ಕೈದು ದನ ಕಟ್ಟಿದ ಮನೆಯಿರುವವರು ಗೋಬರ್ ಗ್ಯಾಸನ್ನು ಮರೆಯಬೇಡಿ. ಎರಡು ಘನಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಾಕು. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ 1980ರ ದಶಕದಲ್ಲಿ ಸಗಣಿ ಅನಿಲದಿಂದಲೇ ವಿದ್ಯುತ್ ತಯಾರಿಸಿ, ಮನೆಗಳಿಗೆ ದೀಪ, ಬೀದಿಗೆ ಕುಡಿಯುವ ನೀರು ಕೊಟ್ಟಿದ್ದರು. ಇದರ ಹಿಂದೆ ಇದ್ದದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರ ಬಳಗ. ನಮ್ಮಲ್ಲಿ ಎಷ್ಟೋ ಮನೆಗಳ ಹೊಗೆ ಬಿಡಿಸಿದ ಅಸ್ತ್ರ ಒಲೆಯೂ ಇವರದೇ.

ಹಾಗೆಂದು ಗಾಳಿಯನ್ನು ನಾನು ಹಳಿಯುತ್ತಿಲ್ಲ. 2025ರಲ್ಲಿ ದೇಶದ ಗಾಳಿಯಂತ್ರಗಳ ಒಟ್ಟು ಸಾಮರ್ಥ್ಯ 50,000 ಮೆಗಾವ್ಯಾಟ್ ದಾಟಿತು. ಕರ್ನಾಟಕ ಅದರಲ್ಲಿ ಮುಂಚೂಣಿಯ ರಾಜ್ಯ. ಮಳೆಗಾಲದಲ್ಲಿ ಸೂರ್ಯ ಮುಖ ಮರೆಸಿಕೊಂಡಾಗಲೇ ನಮ್ಮ ಗುಡ್ಡಗಳಲ್ಲಿ ಗಾಳಿ ಭರ್ಜರಿಯಾಗಿ ಬೀಸುವುದು, ಹೀಗಾಗಿ ಎರಡೂ ಒಂದಕ್ಕೊಂದು ಜೊತೆ. ಆದರೆ ಅದು ಎತ್ತರದ ಗುಡ್ಡದ ಮೇಲಿನ ದೊಡ್ಡ ಯಂತ್ರಗಳ ಕೆಲಸ. ಬಯಲಿನ ತೋಟದ ಮನೆಯಿರುವವರು ಬೇಕಾದರೆ ಒಂದು ವರ್ಷ ಗಾಳಿಯನ್ನು ಅಳೆದು ನೋಡಿ, ಆಮೇಲೆ ಹಣ ಬಿಚ್ಚಿ. ಮಾರಲು ಬಂದವರನ್ನು "ನಮ್ಮ ಛಾವಣಿಯ ಮೇಲೆ ಅಳೆದಿದ್ದೀರಾ?" ಎಂದು ಕೇಳಿ. ನಮ್ಮಲ್ಲಿ ಕೇಳಿದ ಮೇಲೆ ಅವರು ಮತ್ತೆ ಬರಲಿಲ್ಲ.

ಈಗ ಸೌರಫಲಕಕ್ಕೆ ಮೂರು ಕಡೆಯಿಂದ ದರಪಟ್ಟಿ ತರಿಸಿದ್ದೇವೆ. ನೀರಿನ ಟಾಕಿಯ ನೆರಳು ಬೀಳುವ ಮೂಲೆ ಬಿಟ್ಟು ಉಳಿದ ಜಾಗ ಅಳೆದದ್ದೂ ಆಯಿತು. ಉಳಿದಿರುವ ತಕರಾರು ಒಂದೇ. ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಎಲ್ಲಿ ಒಣಗಿಸುವುದು ಎಂದು ಎರಡನೇ ಮಹಡಿಯವರು ಪಟ್ಟು ಹಿಡಿದು ಕೂತಿದ್ದಾರೆ.