ಒಂದು ಕಟ್ಟು ಇಸ್ಪೀಟು, ನಾಲ್ಕು ಸುತ್ತು ಲಿಂಗನಮಕ್ಕಿ

ಸಂಜೆ ಹೊತ್ತಿನ ಕ್ಲಬ್ಬು. ಮೇಜಿನ ಸುತ್ತ ಆರು ಜನ. ಒಬ್ಬರು ಇಸ್ಪೀಟು ಕಟ್ಟನ್ನು ಎರಡು ಹೋಳು ಮಾಡಿ, ಹೆಬ್ಬೆರಳಲ್ಲಿ ಪರಪರ ಬಿಡುತ್ತ ಕಲೆಸುತ್ತಿದ್ದಾರೆ. ಮಾತೆಲ್ಲ ಅಡಿಕೆ ರೇಟು, ಮಳೆ, ಡ್ಯಾಮಿನ ಮಟ್ಟದ ಮೇಲೆ. ಕಲೆಸುವ ಕೈಯನ್ನು ಯಾರೂ ನೋಡುತ್ತಿಲ್ಲ. ಸೋಜಿಗ ಇರುವುದು ಅಲ್ಲೇ. 52 ಎಲೆಗಳ ಒಂದು ಕಟ್ಟನ್ನು ಚೆನ್ನಾಗಿ ಕಲೆಸಿಟ್ಟರೆ, ಆ ಎಲೆಗಳು ಅದೇ ಕ್ರಮದಲ್ಲಿ ಈ ಭೂಮಿಯ ಮೇಲೆ ಹಿಂದೆ ಎಂದೂ ಕೂತಿರಲಿಕ್ಕಿಲ್ಲ. ಚೆನ್ನಾಗಿ ಅಂದರೆ ಏಳು ಸಲ. 1992ರಲ್ಲಿ ಬೇಯರ್ ಮತ್ತು ಡಯಾಕೊನಿಸ್ ಎಂಬ ಗಣಿತಜ್ಞರು ಹಾಕಿಕೊಟ್ಟ ಲೆಕ್ಕ ಅದು.

52 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ 68 ಅಂಕಿ ಉದ್ದ. ಇದನ್ನು ಅಳೆಯಲು ಶಿವಮೊಗ್ಗ ಜಿಲ್ಲೆಯ ಅತಿ ದೊಡ್ಡ ಪಾತ್ರೆಯನ್ನೇ ತರೋಣ. ಲಿಂಗನಮಕ್ಕಿ ತುಂಬಿದರೆ 151 ಟಿಎಂಸಿ ಚಿಲ್ಲರೆ ನೀರು. ಒಂದು ಮಿಲಿಲೀಟರಿಗೆ 20 ಹನಿ ಹಿಡಿದರೆ ಅಲ್ಲಿರುವುದು ಸುಮಾರು 850 ಕೋಟಿ ಕೋಟಿ ಹನಿ. ಬರೀ 17 ಅಂಕಿ. ಈಗ ಆ ಒಂದೊಂದು ಹನಿಯೂ ಒಂದು ತುಂಬಿದ ಲಿಂಗನಮಕ್ಕಿ ಅಂದುಕೊಳ್ಳಿ. ಅವುಗಳ ಒಂದೊಂದು ಹನಿಯೂ ಮತ್ತೊಂದು ಲಿಂಗನಮಕ್ಕಿ. ಅದರ ಹನಿಹನಿಯೂ ಇನ್ನೊಂದು. ಈ ನಾಲ್ಕನೇ ಸುತ್ತಿನ ಹನಿಗಳನ್ನೆಲ್ಲ ಎಣಿಸಿ ಮುಗಿಸಿದರೂ ಇಸ್ಪೀಟು ಕಟ್ಟಿನ ಲೆಕ್ಕದಲ್ಲಿ ಮೂರನೇ ಎರಡು ಪಾಲಷ್ಟೇ ಆಗಿರುತ್ತದೆ.

ರಮ್ಮಿಗೆ ಒಂದು ಕಟ್ಟು ಸಾಲದು, ಎರಡು ಬೇಕು. ಜೋಕರ್‌ಗಳನ್ನು ಬದಿಗಿಟ್ಟರೂ ಒಬ್ಬರ ಕೈಗೆ ಬರಬಹುದಾದ 13 ಎಲೆಗಳ ಬಗೆಗಳು ಸುಮಾರು 8.84 ಲಕ್ಷ ಕೋಟಿ. ಇವನ್ನು ಬರೆದಿಡಲು ಭದ್ರಾವತಿಗೆ ಹೋಗೋಣ. ಒಂದು ಎ4 ಹಾಳೆ 5 ಗ್ರಾಂ. ಎರಡೂ ಬದಿ ಸೇರಿ ಹಾಳೆಗೆ 100 ಕೈ ಬರೆದರೆ ಬೇಕಾಗುವ ಕಾಗದ 4.4 ಲಕ್ಷ ಟನ್. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಈಗ ಸದ್ದಡಗಿ ನಿಂತಿದೆ. 1981ರಲ್ಲಿ ಅಲ್ಲಿ ಶುರುವಾದ ನ್ಯೂಸ್‌ಪ್ರಿಂಟ್ ಘಟಕದ ಸಾಮರ್ಥ್ಯ ವರ್ಷಕ್ಕೆ 75,000 ಟನ್. ಅಂದರೆ ಆ ಘಟಕ ಒಂದು ಪತ್ರಿಕೆಗೂ ಕಾಗದ ಕೊಡದೆ, ಬರೀ ರಮ್ಮಿ ಕೈಗಳ ಪಟ್ಟಿಗಾಗಿ ಆರು ವರ್ಷದ ಹತ್ತಿರ ಓಡಬೇಕಿತ್ತು.

ಇದು ಇನ್ನೂ ಎಲೆ ಹಂಚುವ ತನಕದ ಕಥೆ. ಆಟಗಾರನ ಸರದಿ ಬಂದಾಗ ಎದುರಿಗೆ ಎರಡು ದಾರಿ. ಬಿಚ್ಚಿಟ್ಟ ಎಲೆ ಎತ್ತಿದರೆ ಅದನ್ನೇ ವಾಪಸ್ ಬಿಡುವಂತಿಲ್ಲ, ಉಳಿದ 13ರಲ್ಲಿ ಒಂದು ಬಿಡಬೇಕು. ಮುಚ್ಚಿದ ಕಟ್ಟಿನಿಂದ ಎತ್ತಿದರೆ 14ರಲ್ಲಿ ಯಾವುದನ್ನಾದರೂ ಬಿಡಬಹುದು. ಒಟ್ಟು 27 ಆಯ್ಕೆ. ಇಂಥ ಹತ್ತು ಸರದಿ ಬಂದರೆ 206 ಲಕ್ಷ ಕೋಟಿ ದಾರಿ. ಪಕ್ಕದವರು ಆಟಿನ್ ಎಂಟು ಎತ್ತಿಕೊಂಡರಲ್ಲ, ಇನ್ನು ಒಂಬತ್ತು ಬಿಡುವುದೋ ಬೇಡವೋ ಎಂದು ತಲೆ ಕೆರೆದುಕೊಳ್ಳುವುದು ಇಷ್ಟು ದಾರಿಗಳ ನಡುವೆ.

ಅಂದರ್ ಬಾಹರ್‌ನಲ್ಲಿ? ಒಳಗೋ ಹೊರಗೋ, ಎರಡೇ. ಅದೂ ಒಂದೇ ಸಲ. ದುಡ್ಡಿಟ್ಟ ಮೇಲೆ ಮಾಡುವುದಕ್ಕೆ ಏನೂ ಇಲ್ಲ. ಮೊದಲ ಎಲೆ ಬೀಳುವ ಬದಿಗೆ ನೂರಕ್ಕೆ ಐವತ್ತೊಂದೂವರೆ ಸಲ ಗೆಲುವು, ಅಷ್ಟೇ ವ್ಯತ್ಯಾಸ.

ಕಾನೂನಿನ ಗೆರೆ ಬಿದ್ದಿರುವುದು ಈ ಎರಡಕ್ಕೂ ಆ ಲಕ್ಷ ಕೋಟಿಗಳಿಗೂ ನಡುವೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಪೊಲೀಸರು ಹಾಕಿದ ಕೇಸು ಸುಪ್ರೀಂ ಕೋರ್ಟ್ ಮುಟ್ಟಿತು. ಬಿದ್ದ ಎಲೆ ನೆನಪಿಟ್ಟು, ಹಿಡಿಯುವುದು ಯಾವುದು ಬಿಡುವುದು ಯಾವುದು ಎಂದು ತೂಗುವ ರಮ್ಮಿ ಕೌಶಲದ ಆಟ, ಮೂರೆಲೆಯಂಥದ್ದು ಅದೃಷ್ಟದ ಆಟ ಎಂದು 1967ರ ನವೆಂಬರ್‌ನಲ್ಲಿ ಕೋರ್ಟು ಹೇಳಿತು. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 176ನೇ ಕಲಮೂ ಕೌಶಲದ ಆಟಗಳನ್ನು ಜೂಜಿನಿಂದ ಹೊರಗಿಟ್ಟಿದೆ. ಆದರೆ ಪಣದಲ್ಲಿ ಕ್ಲಬ್ಬು ತಾನೇ ಪಾಲು ಹೊಡೆದರೆ ಅಪರಾಧ ಎಂಬ ಎಚ್ಚರಿಕೆಯೂ ಆ ತೀರ್ಪಿನಲ್ಲಿದೆ. ರಿಕ್ರಿಯೇಷನ್ ಎಂದು ಬೋರ್ಡು ಹಾಕಿ ಒಳಗೆ ಅಂದರ್ ಬಾಹರ್ ಆಡಿಸಿದರೆ ಪೊಲೀಸ್ ಜೀಪು ಬರುವುದು ಅದು ಅದೃಷ್ಟದ ಆಟ ಎಂಬುದಕ್ಕೇ.

ಕ್ಲಬ್ಬು ಹೊಡೆಯಬಾರದ ಪಾಲಿನ ಮೇಲೆಯೇ ಕ್ಯಾಸಿನೊ ಬದುಕುವುದು. ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಬೇಕಾದವರು ಪಣಜಿಗೆ ಹೋಗಿ ಮಾಂಡವಿ ನದಿಯ ಹಡಗು ಹತ್ತಬೇಕು. ಒಂದು ಸೊನ್ನೆಯ ರೂಲೆಟ್ ಚಕ್ರದಲ್ಲಿ 37 ಮನೆ. ಸರಿಯಾದ ಮನೆ ಹಿಡಿದರೆ ಒಂದಕ್ಕೆ ಮೂವತ್ತೈದು ಕೊಡುತ್ತಾರೆ. ನ್ಯಾಯವಾಗಿ ಕೊಡಬೇಕಾದ್ದರಲ್ಲಿ ತಪ್ಪಿಸಿದ ಚೂರಿನಿಂದ ಚಕ್ರಕ್ಕೆ ನೂರಕ್ಕೆ ₹2.70 ಉಳಿಯುತ್ತದೆ. ಗಂಟೆಗೆ 40 ಸುತ್ತಿನಂತೆ ಐದು ಗಂಟೆ, ಪ್ರತಿ ಸುತ್ತಿಗೂ ₹500 ಇಟ್ಟರೆ ಚಕ್ರದ ಮೇಲೆ ಹಾಯುವುದು ಒಂದು ಲಕ್ಷ. ಸರಾಸರಿ ಹಿಡಿದರೆ ₹2,700 ಹಡಗಿನಲ್ಲೇ ಉಳಿಯಿತು. ರಮ್ಮಿ ಮೇಜಿನಲ್ಲಿ ಸೋತ ದುಡ್ಡು ಹೋಗುವುದು ಎದುರು ಕೂತವರ ಜೇಬಿಗೆ. ಆರು ಜನರ ಲೆಕ್ಕ ಕೂಡಿದರೆ ಕೊನೆಗೆ ಸೊನ್ನೆ.

ಹಾಗಾದರೆ ರಮ್ಮಿ ನಿರಪಾಯವೇ? ಅದೇ ರಮ್ಮಿ ಫೋನಿಗೆ ಬಂದಾಗಿನ ಅಂಕಿ ನೋಡಿ. ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್ ಕಂಪನಿಗೆ 2022ರಲ್ಲಿ ಬಂದ ಜಿಎಸ್‌ಟಿ ನೋಟಿಸು ₹20,989 ಕೋಟಿಯದು. ಅದಕ್ಕೆ ಆಧಾರ, ಸುಮಾರು ₹77,000 ಕೋಟಿ ಪಣ. 2023ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ನೋಟಿಸನ್ನು ರದ್ದುಮಾಡಿತು, ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶಕ್ಕೆ ತಡೆ ಕೊಟ್ಟಿತು. ತೆರಿಗೆಯ ಜಗಳ ಹಾಗಿರಲಿ. ನಮ್ಮ ಮೇಜಿನಲ್ಲಿ ಪಾಯಿಂಟಿಗೆ ಒಂದು ರೂಪಾಯಿ, ಫುಲ್ ಕೌಂಟ್ 80. ಆರು ಜನರ ಪಣವೂ ಸೇರಿ ಒಂದು ಆಟಕ್ಕೆ ಹೆಚ್ಚೆಂದರೆ ₹480, ಗಂಟೆಗೆ ಆರು ಆಟ. ಈ ವೇಗದಲ್ಲಿ ₹77,000 ಕೋಟಿ ಮುಟ್ಟಲು ಆ ಆರು ಜನ ಹಗಲು ರಾತ್ರಿ ಎದ್ದೇಳದೆ 30,000 ವರ್ಷ ಆಡಬೇಕು.

ಆಟ ಒಂದೇ, ಕೌಶಲವೂ ಅಷ್ಟೇ. ಬದಲಾಗಿದ್ದು ಕುರ್ಚಿಗಳ ಸಂಖ್ಯೆ. ದುಡ್ಡು ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿದ ಕರ್ನಾಟಕದ 2021ರ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಮಾಡಿದಾಗ ಹಳೆಯ ಪ್ರಶ್ನೆಯೇ ನಡೆಯಿತು: ಕೌಶಲವೋ, ಅದೃಷ್ಟವೋ? 2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಪ್ರಶ್ನೆಯನ್ನೇ ಕೈಬಿಟ್ಟು, ದುಡ್ಡಿನ ಆನ್‌ಲೈನ್ ಆಟ ಯಾವುದೇ ಇರಲಿ ನಿಷೇಧ ಎಂದಿತು. ಎಲೆ ಎಣಿಸುವುದು ಬಿಟ್ಟು ತಲೆ ಎಣಿಸಿತು. ಸರ್ಕಾರದ ಅಂದಾಜಿನಂತೆ 45 ಕೋಟಿ ಜನ ವರ್ಷಕ್ಕೆ ಕಳೆದುಕೊಳ್ಳುತ್ತಿದ್ದುದು ₹20,000 ಕೋಟಿ. ತಲೆಗೆ ಹಂಚಿದರೆ ₹444, ಏನೂ ಅಲ್ಲ ಅನ್ನಿಸುತ್ತದೆ. 2011ರ ಜನಗಣತಿಯ ಲೆಕ್ಕದಲ್ಲಿ ಶಿವಮೊಗ್ಗ ನಗರದ 3.22 ಲಕ್ಷ, ಭದ್ರಾವತಿಯ ಒಂದೂವರೆ ಲಕ್ಷ ಜನಕ್ಕೆ ಅದೇ ಮೊತ್ತ ಹಂಚಿ ನೋಡಿ: ತೊಟ್ಟಿಲ ಕೂಸಿಗೂ ನಾಲ್ಕು ಲಕ್ಷದ ಮೇಲೆ ಬರುತ್ತದೆ.

ಮೇಜಿನಲ್ಲಿ ಹಂಚಿ ಆಯಿತು. ಒಬ್ಬರು 13 ಎಲೆ ಬಿಡಿಸಿ ನೋಡಿದರು. ಸೀಕ್ವೆನ್ಸಿನ ಸುಳಿವಿಲ್ಲ, ಜೋಕರ್ ಇಲ್ಲ, ಬರೀ ರಾಜ ರಾಣಿಯರ ಸಂತೆ. 206 ಲಕ್ಷ ಕೋಟಿ ದಾರಿ ಎದುರಿಗಿವೆ. "ಮಾರಾಯ್ರೇ, ಡ್ರಾಪ್" ಎಂದು ಎಲೆ ಮಗುಚಿಟ್ಟು, 20 ಪಾಯಿಂಟಿನ ಇಪ್ಪತ್ತು ರೂಪಾಯಿ ತಳ್ಳಿ, ಟೀ ಬಂತಾ ಎಂದು ನೋಡಲು ಎದ್ದು ಹೋದರು.