ಬ್ಯಾನಿ ಎದ್ದಾಗ ಬಾಜೂಕ ಯಾರು?

ಯಾರದೋ ಮನೆಯ ಹೆರಿಗೆಯ ಸುದ್ದಿ ಬಂದರೆ ಮೊದಲೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: "ಗಂಡೋ, ಹೆಣ್ಣೋ?" ಈಗ ಸಿಂದಗಿಯ ಕಿರಾಣಿ ಅಂಗಡಿಯ ಕಟ್ಟೆಯ ಮೇಲಾಗಲಿ, ಮುದ್ದೇಬಿಹಾಳದ ಬಸ್ಸಿನಲ್ಲಾಗಲಿ, ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ನಾರ್ಮಲ್ಲೋ, ಸಿಜೇರಿಯನ್ನೋ?" "ನಾರ್ಮಲ್ ಆತ್ರಿ" ಎಂದವನನ್ನು ಜನ ಲಾಟರಿ ಹತ್ತಿದವನನ್ನು ನೋಡಿದ ಹಾಗೆ ನೋಡುತ್ತಾರೆ.

ಹಾಗೆ ನೋಡುವುದಕ್ಕೂ ಕಾರಣವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದ ಪ್ರಕಾರ 2015-16ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 23.6 ಸಿಜೇರಿಯನ್. 2019-21ರ ಸಮೀಕ್ಷೆಯಲ್ಲಿ ಅದು ಶೇ. 31.5ಕ್ಕೆ ಏರಿತು. ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಕತ್ತರಿಯಿಂದಲೇ ಆಗಿವೆ.

ಇದನ್ನೆಲ್ಲ ಡಾಕ್ಟರರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಹುಡುಗಿ ಎರಡು ತಾಸು ಚೀರಿದೊಡನೆ "ಆಪರೇಶನ್ ಮಾಡಿಬಿಡ್ರಿ ಸರ, ನೋಡಲಾಕ ಆಗವಲ್ದು" ಎಂದು ಕೈ ಮುಗಿಯುವವರು ಯಾರು? ನಾವೇ. ಅಮಾವಾಸ್ಯೆಗೆ ಮೊದಲೇ ಕೂಸು ಬರಲಿ ಎಂದು ಪಂಚಾಂಗ ಹಿಡಿದು ಹೋಗುವವರೂ ನಾವೇ. ಕುಬಸದ ದಿನ ಹಸಿರು ಬಳೆ ಇಡಿಸಿ, ಉಡಿ ತುಂಬಿ, ಅದೇ ಜಮಖಾನೆಯ ಮೇಲೆ ಕುಳಿತು ಬಸುರಿಯ ಎದುರಿಗೇ "ನಂಗ ಮೂರ ದಿನಾ ಬ್ಯಾನಿ ಇದ್ದವು, ಸತ್ತು ಹುಟ್ಟಿ ಬಂದೀನಿ" ಎಂದು ಕಥೆ ಹೇಳುವವರೂ ನಮ್ಮ ಮನೆಯವರೇ. ಆ ಹುಡುಗಿ ಹೆದರದೆ ಏನು ಮಾಡಿಯಾಳು?

ಹೆದರಿಕೆಯೇ ಅರ್ಧ ಬ್ಯಾನಿ

ಈ ಹೆದರಿಕೆಯ ವಿಷಯವನ್ನು ಇಂಗ್ಲೆಂಡಿನ ಡಾಕ್ಟರ್ ಗ್ರಾಂಟ್ಲಿ ಡಿಕ್-ರೀಡ್ 1933ರಷ್ಟು ಹಿಂದೆಯೇ ಪುಸ್ತಕ ಬರೆದು ಹೇಳಿದರು. ಅವರ ಮಾತು ಸರಳ. ಹೆದರಿದರೆ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಮತ್ತೆ ಹೆದರಿಕೆ. ಗಾಣದ ಎತ್ತಿನ ಹಾಗೆ ಅದೇ ಸುತ್ತು.

ದೇಹದ ಒಳಗಿನ ಕೆಲಸವೂ ಹಾಗೆಯೇ ಇದೆ. ಗರ್ಭಕೋಶ ಬಿಗಿದು ಸಡಿಲಾಗಿ ಕೂಸನ್ನು ಕೆಳಗೆ ದೂಡಲು ಆಕ್ಸಿಟೋಸಿನ್ ಎಂಬ ರಸ ಬೇಕು. ಹೆದರಿದಾಗ ಉಕ್ಕುವ ಅಡ್ರಿನಲಿನ್ ಅದಕ್ಕೆ ಅಡ್ಡ ಬರುತ್ತದೆ. ಆಕಳು ಈಯುವಾಗ ಕೊಟ್ಟಿಗೆಯ ಮುಂದೆ ಗದ್ದಲ ಮಾಡಬಾರದೆಂದು ನಮ್ಮ ರೈತರಿಗೆ ಯಾರೂ ಕಲಿಸಬೇಕಿಲ್ಲ. ಮನೆಯ ಮಗಳ ವಿಷಯದಲ್ಲಿ ಮಾತ್ರ ಅದು ಮರೆತುಹೋಗುತ್ತದೆ.

ಜಾದೂ ಅಲ್ಲ, ರೂಢಿ

ಡಿಕ್-ರೀಡರ ವಿಚಾರವನ್ನೇ ಹಿಡಿದು ಅಮೆರಿಕದ ಮೇರಿ ಮೊಂಗನ್ ಎಂಬ ಮಹಿಳೆ 1989ರಲ್ಲಿ ಒಂದು ಕಲಿಕೆಯ ಕ್ರಮ ತಂದರು. ಅದರ ಹೆಸರು ಹಿಪ್ನೋಬರ್ತಿಂಗ್. ಈಗ ಬೆಂಗಳೂರು, ಹೈದರಾಬಾದಿನಂಥ ಶಹರಗಳಲ್ಲಿ ಬಸುರಿಯರು ಗಂಡಂದಿರ ಜೊತೆ ಫೀ ಕೊಟ್ಟು ಕ್ಲಾಸಿಗೆ ಹೋಗಿ ಇದನ್ನು ಕಲಿಯುತ್ತಾರೆ.

ಹಿಪ್ನಾಟಿಸಂ ಎಂದೊಡನೆ ಜಾತ್ರೆಯಲ್ಲಿ ಕಣ್ಣೆದುರು ಗಡಿಯಾರ ಆಡಿಸುವ ಜಾದೂಗಾರ ನೆನಪಾಗಬಹುದು. ಇದು ಅದಲ್ಲ. ಇಲ್ಲಿ ಯಾರೂ ಯಾರ ಎಚ್ಚರವನ್ನೂ ತಪ್ಪಿಸುವುದಿಲ್ಲ. ಕೊನೆಯ ಎರಡು-ಮೂರು ತಿಂಗಳು ಬಸುರಿ ದಿನಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರುತ್ತಾಳೆ. ಮೂಗಿನಿಂದ ನಿಧಾನ ಉಸಿರೆಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡುತ್ತಾಳೆ. ಹಣೆ, ದವಡೆ, ಭುಜ, ಸೊಂಟ ಎಂದು ಒಂದೊಂದನ್ನೇ ಸಡಿಲು ಬಿಡುವುದನ್ನು ರೂಢಿ ಮಾಡಿಕೊಳ್ಳುತ್ತಾಳೆ. ಬ್ಯಾನಿಯನ್ನು ಅಲೆ ಎಂದುಕೊಳ್ಳುವುದು ಒಂದು ಪಾಠ. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ, ನಡುವೆ ವಿಶ್ರಾಂತಿ ಇದೆ. ಜೊತೆಗಿರುವವರು ಮೆಲ್ಲಗೆ ಹೇಳಬೇಕಾದ ನಾಲ್ಕು ಮಾತುಗಳನ್ನೂ ಕಲಿಸುತ್ತಾರೆ. ಇಷ್ಟೇ.

ಇದರಿಂದ ನೋವೇ ಇರುವುದಿಲ್ಲ ಎಂದು ಹೇಳುವವರನ್ನು ನಂಬಬೇಡಿ. ಇಂಗ್ಲೆಂಡಿನಲ್ಲಿ 680 ಚೊಚ್ಚಿಲ ಬಸುರಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿದೆ. ಅರ್ಧ ಜನರಿಗೆ ಇದನ್ನು ಕಲಿಸಿದರು, ಉಳಿದವರಿಗೆ ಎಂದಿನ ಆರೈಕೆ. ಬೆನ್ನಿಗೆ ನೋವಿನ ಇಂಜೆಕ್ಷನ್ ಕೇಳಿದವರ ಸಂಖ್ಯೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ: ಕಲಿತವರಲ್ಲಿ ನೂರಕ್ಕೆ 28, ಕಲಿಯದವರಲ್ಲಿ 30. ಆದರೆ ಹೆರಿಗೆಯ ಹೊತ್ತಿನ ಹೆದರಿಕೆ, ಕಳವಳ ಕಲಿತವರಲ್ಲಿ ಕಡಿಮೆಯಾಗಿತ್ತು. ಹೆದರಿಕೆ ತುಂಬಿದ ನಮ್ಮ ಮನೆಗಳಿಗೆ ಅದೇನು ಸಣ್ಣ ಲಾಭವಲ್ಲ.

ಸೂಲಗಿತ್ತಿಗೆ ಗೊತ್ತಿತ್ತು

ಈ ಪಾಠ ಕೇಳಿದ ನಮ್ಮ ಕಡೆಯ ಅಜ್ಜಿಯರು "ಇದರಾಗ ಹೊಸಾದು ಏನೈತಿ?" ಎಂದಾರು. ಸೂಲಗಿತ್ತಿ ಮಾಡುತ್ತಿದ್ದ ಅರ್ಧ ಕೆಲಸ ಇದೇ. ಬಂದವಳು ಮೊದಲು ಗದ್ದಲದವರನ್ನು ಹೊರಗೆ ಕಳಿಸುತ್ತಿದ್ದಳು. ಸೊಂಟ ತಿಕ್ಕುತ್ತಿದ್ದಳು, ಎಬ್ಬಿಸಿ ಅಡ್ಡಾಡಿಸುತ್ತಿದ್ದಳು, "ಆತವ್ವಾ, ಇನ್ನೊಂದೀಟ" ಎನ್ನುತ್ತಿದ್ದಳು. ಕೂಸು ಹುಟ್ಟುವ ತನಕ ಎದ್ದು ಹೋಗುತ್ತಿರಲಿಲ್ಲ.

ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳದವರಿಲ್ಲ. ಅಜ್ಜಿಯಿಂದ ಕಲಿತ ವಿದ್ಯೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಅದಕ್ಕೆ ಕಾಸು ಕೇಳಲಿಲ್ಲ. ಸರ್ಕಾರ 2018ರಲ್ಲಿ ಪದ್ಮಶ್ರೀ ಕೊಟ್ಟಿತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಓದು ಬರಹ ಕಲಿಯದ ಆ ತಾಯಿಯನ್ನು ತುಮಕೂರು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟು ಗೌರವಿಸಿತ್ತು.

ಆದರೆ ಹೊಲದಾಗ ಬ್ಯಾಡ

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸಹಜ ಹೆರಿಗೆ ಎಂದರೆ ಮನೆಯ ಹೆರಿಗೆಯಲ್ಲ. "ನಾವು ಹೊಲದಾಗ ಹಡದೀವಿ, ಏನಾಗೇತಿ?" ಎನ್ನುವ ಹಿರಿಯರಿದ್ದಾರೆ. ಹೊಲದಲ್ಲಿ ಹಡೆದು ಬದುಕಿದವರು ಕಥೆ ಹೇಳುತ್ತಾರೆ. ಹಡೆಯುತ್ತ ಸತ್ತವರ ಕಥೆ ಹೇಳಲು ಅವರೇ ಉಳಿದಿಲ್ಲ.

ಕರ್ನಾಟಕದಲ್ಲಿ 2001-03ರ ಸುಮಾರಿಗೆ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿದಿದೆ. ಆ ಇಳಿತದಲ್ಲಿ ಆಸ್ಪತ್ರೆಯ ಹೆರಿಗೆಯ ಪಾಲು ದೊಡ್ಡದು. 2008ರಿಂದ ಓಡತೊಡಗಿದ 108 ಗಾಡಿ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ, ರಕ್ತನಿಧಿ ಎಲ್ಲವೂ ಅದರಲ್ಲಿ ಸೇರಿವೆ. ಕತ್ತರಿಯೂ ಸೇರಿದೆ. ಕೂಸು ಅಡ್ಡ ತಿರುಗಿದ್ದರೆ, ಮಾಸು ಗರ್ಭದ ಬಾಯಿಗೆ ಅಡ್ಡ ಕುಳಿತಿದ್ದರೆ, ಕೂಸಿನ ಎದೆಬಡಿತ ಕುಸಿದರೆ, ಯಾವ ಉಸಿರಾಟದ ಪಾಠವೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಸಿಜೇರಿಯನ್ನೇ ದೇವರು.

ನಮ್ಮ ತಾಲೂಕುಗಳಿಗೆ ಇದು ಇನ್ನೂ ಮುಖ್ಯ. ವಿಜಯಪುರಕ್ಕೆ ಬಾಗೇವಾಡಿಯಿಂದ ನಲವತ್ತು ಕಿ.ಮೀ. ಮೇಲೆ, ಇಂಡಿ-ಸಿಂದಗಿಯಿಂದ ಐವತ್ತು-ಅರವತ್ತು, ಮುದ್ದೇಬಿಹಾಳದಿಂದ ಎಂಬತ್ತರ ಹತ್ತಿರ. ರಕ್ತ ಹರಿಯತೊಡಗಿದ ಮೇಲೆ ಆ ದಾರಿ ಬಹಳ ಉದ್ದ. ಆದ್ದರಿಂದ ಹಡೆಯುವುದು ಆಸ್ಪತ್ರೆಯಲ್ಲೇ ಆಗಬೇಕು.

ಬಾಗಿಲ ಹೊರಗೆ ಉಳಿದದ್ದು

ಹಾಗಾದರೆ ಕಳೆದುಕೊಂಡದ್ದೇನು? ಹಳೆಯ ಕತ್ತಲೆ ಕೋಣೆಯಿಂದ ಹೊಸ ದೀಪದ ಕೋಣೆಗೆ ಹುಡುಗಿಯನ್ನು ತಂದೆವು, ಬಾಜೂಕ ಕೂಡುವವಳನ್ನು ಮಾತ್ರ ಬಾಗಿಲ ಹೊರಗೆ ಬಿಟ್ಟೆವು. ಒಳಗೆ ಒಬ್ಬ ನರ್ಸಬಾಯಿ, ನಾಲ್ಕು ಮಂಚ. ಆಕೆ ಯಾರ ಕೈ ಹಿಡಿದಾಳು?

ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿಯೇ ಇದಕ್ಕೆ ದಾರಿ ಮಾಡಿದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆ ಒಬ್ಬ ಹೆಣ್ಣುಮಗಳು ಇರಬಹುದು. ಆಕೆ ತಾನೂ ಹಡೆದವಳಾಗಿರಬೇಕು, ಅಂಟುರೋಗ ಇರಬಾರದು, ಶುಚಿಯಾದ ಬಟ್ಟೆ ಉಟ್ಟಿರಬೇಕು, ಡಾಕ್ಟರ್-ನರ್ಸರ ಕೆಲಸಕ್ಕೆ ಕೈ ಹಾಕಬಾರದು, ಬೇರೆ ಮಂಚದ ಕಡೆ ಹೋಗಬಾರದು. ಮಂಚಮಂಚಕ್ಕೆ ಮರೆಯಿರುವ ಕಡೆ ಗಂಡನೂ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಯಲ್ಲೂ ಜೊತೆಗಾರ್ತಿ, ಉಸಿರಾಟ, ಅಡ್ಡಾಡುವ ಸ್ವಾತಂತ್ರ್ಯ ಮೂರೂ ಇವೆ. ಅದೇ ವರ್ಷ ಕೇಂದ್ರ ಸರ್ಕಾರ ನರ್ಸರಿಗೆ 18 ತಿಂಗಳ ತರಬೇತಿ ಕೊಟ್ಟು ಸಹಜ ಹೆರಿಗೆಯನ್ನು ಅವರ ಕೈಗೆ ಒಪ್ಪಿಸುವ ಯೋಜನೆಗೂ ಕೈ ಹಾಕಿತು. ಅಂದರೆ ಓದಿದ ಸೂಲಗಿತ್ತಿಯನ್ನು ಮತ್ತೆ ತರುವ ವಿಚಾರ.

ಒಂಬತ್ತನೆಯ ತಾರೀಖು

ನಮ್ಮೂರಿನಲ್ಲಿ ಏನು ಮಾಡಬಹುದು? ಶಹರದ ಕ್ಲಾಸು ಇಲ್ಲಿಗೆ ಬರಲಿ ಎಂದು ಕಾಯಬೇಕಿಲ್ಲ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆಯ ದಿನ. ತಾಯಿ ಕಾರ್ಡು ಹಿಡಿದು ಹಳ್ಳಿಹಳ್ಳಿಯ ಹೆಣ್ಣುಮಕ್ಕಳು ಬಂದು, ಪಾಳಿಗಾಗಿ ತಾಸುಗಟ್ಟಲೆ ಬೆಂಚಿನ ಮೇಲೆ ಕುಳಿತಿರುತ್ತಾರೆ. ಆ ಕಾಯುವ ಹೊತ್ತಿನಲ್ಲೇ ಅರ್ಧ ತಾಸು ಒಬ್ಬ ನರ್ಸಬಾಯಿ ಉಸಿರಾಟ ಕಲಿಸಲಿ. ಹೆರಿಗೆ ಕೋಣೆಯೊಳಗೆ ಒಯ್ದು ಮಂಚ ತೋರಿಸಲಿ. ಕಂಡ ಜಾಗದ ಹೆದರಿಕೆ ಕಾಣದ ಜಾಗಕ್ಕಿಂತ ಕಡಿಮೆ. ಬಾಜೂಕ ನಿಲ್ಲುವ ತಾಯಿಗೋ ಅತ್ತೆಗೋ ಅಂದೇ ನಾಲ್ಕು ಮಾತು ಹೇಳಲಿ. ಖರ್ಚು? ಒಂದು ಚಾಪೆ.

ಮನೆಯವರ ಪಾಲಿನ ಕೆಲಸವೂ ಇದೆ. ಕುಬಸದ ದಿನ ಸಾವಿನ ಕಥೆ ಬೇಡ. ಕಬ್ಬಿಣದ ಗುಳಿಗೆ ತಪ್ಪಿಸಬೇಡಿ. ರಕ್ತ ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಕೂಸಿನ ಅಲುಗಾಟ ಕಡಿಮೆಯಾದರೆ, ನೀರು ಒಡೆದರೆ, ಮುಹೂರ್ತ ನೋಡದೆ 108ಕ್ಕೆ ಫೋನ್ ಮಾಡಿ. ಡಾಕ್ಟರು ಆಪರೇಶನ್ ಬೇಕೆಂದರೆ "ಯಾಕ್ರಿ?" ಎಂದು ಒಂದು ಮಾತು ಕೇಳಿ. ಅವರು ಕಾರಣ ಹೇಳಿದರೆ ತಡ ಮಾಡಬೇಡಿ.

ಇನ್ನು ಅಂಗಡಿಯ ಯಜಮಾನರೇ, ಮುಂದಿನ ಒಂಬತ್ತಕ್ಕೆ ಮನೆಯ ಸೊಸೆಯನ್ನು ತಪಾಸಣೆಗೆ ಕಳಿಸುವಾಗ ಜೊತೆಗೆ ಅವಳ ಅವ್ವನನ್ನೂ ಕಳಿಸಿ. "ಹಡೆಯುವ ಹೊತ್ತಿಗಿ ಒಳಗ ಯಾರು ನಿಲ್ಲಬೇಕ್ರಿ?" ಎಂದು ಅಂದೇ ಕೇಳಿ ಬರಲಿ. ಬ್ಯಾನಿ ಎದ್ದ ರಾತ್ರಿ ಬಾಗಿಲ ಮುಂದೆ ನಿಂತು ಕೇಳಿದರೆ ಹೊತ್ತು ಮೀರಿರುತ್ತದೆ.