ಹೊಸ್ತಿಲಲ್ಲಿ ನಿಂತ ವೈದ್ಯ

ಬೆಳಗಿನ ಜಾವ, ಹೊಟ್ಟೆನೋವೆಂದು ಕೂಲಿಯಾಳೊಬ್ಬನನ್ನು ಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಕರೆತಂದರು ಅಂದುಕೊಳ್ಳಿ. ಜ್ವರವಿಲ್ಲ, ಗಾಯವಿಲ್ಲ. ಕಣ್ಣಿನ ರೆಪ್ಪೆ ಮಾತ್ರ ಜೋಲುತ್ತಿದೆ. ನಿದ್ದೆಗೆಟ್ಟಿದ್ದಾನೆ ಎನ್ನುತ್ತಾರೆ ಮನೆಯವರು. ಅನುಭವಸ್ಥ ಡಾಕ್ಟರು ಕೇಳುವುದು ಒಂದೇ ಮಾತು: "ರಾತ್ರಿ ಎಲ್ಲಿ ಮಲಗಿದ್ದೆ?" "ಚಾಪೆ ಹಾಸಿ ನೆಲದ ಮೇಲೆ" ಎಂದರೆ ಅನುಮಾನ ಕಟ್ಟುಹಾವಿನ ಕಡೆ ತಿರುಗುತ್ತದೆ. ಅದು ಕಚ್ಚಿದ ಜಾಗ ಊದಿಕೊಳ್ಳುವುದಿಲ್ಲ, ಅಷ್ಟಾಗಿ ನೋಯುವುದೂ ಇಲ್ಲ. ಮೊದಲು ಹೊಟ್ಟೆನೋವು, ಆಮೇಲೆ ಜೋಲುವ ರೆಪ್ಪೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಹೊಟ್ಟೆನೋವಿನ ಗುಳಿಗೆ ಕೊಟ್ಟು ಕಳಿಸಿದರೆ ಅವನು ಉಳಿಯುವುದು ಅನುಮಾನ.

ಈ ಆಸ್ಪತ್ರೆ ಬಂದದ್ದು ಹೇಗೆ?

ದೇಶದ ಆರೋಗ್ಯ ವ್ಯವಸ್ಥೆಯ ಪರಿಶೀಲನೆಗೆ 1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಚಿಕಿತ್ಸೆಯೂ ರೋಗ ತಡೆಯುವ ಕೆಲಸವೂ ಒಂದೇ ಸೂರಿನಡಿ ನಡೆಯಬೇಕು ಎಂಬುದು ಅದರ ತಿರುಳು. 1952ರ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು (ಪಿಎಚ್‌ಸಿ) ತಲೆಯೆತ್ತಿದವು. ಇಂದಿನ ಮಾನದಂಡದಂತೆ ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಕೇಂದ್ರ. ಅದರ ಕೆಳಗೆ ಉಪಕೇಂದ್ರಗಳು, ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರು. ಇಷ್ಟಕ್ಕೆಲ್ಲ ಹೊಣೆ, ಎಷ್ಟೋ ಕಡೆ, ಒಬ್ಬರೇ ವೈದ್ಯರು.

ಇಪ್ಪತ್ತು ನಿಮಿಷದ ಪರೀಕ್ಷೆ

ಹಳ್ಳಿಯಲ್ಲಿ ಏನೂ ಇಲ್ಲ, ದೊಡ್ಡಾಸ್ಪತ್ರೆಗೇ ಹೋಗಬೇಕು ಎನ್ನುವವರಿಗೆ ಈ ಪರೀಕ್ಷೆ ಉತ್ತರ. ಕೊಳಕುಮಂಡಲ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ತಿಳಿಯಲು ಬೇಕಾದದ್ದು ಶುಚಿಯಾದ, ಒಣಗಿದ ಒಂದು ಗಾಜಿನ ನಳಿಕೆ. ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಬಿಟ್ಟು, ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಎಂದರ್ಥ. ನಳಿಕೆ ಪ್ಲಾಸ್ಟಿಕ್ಕಿನದಾದರೆ, ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಫಲಿತಾಂಶ ಸುಳ್ಳಾಗುತ್ತದೆ.

ವಿಷ ಏರಿದ್ದು ಖಚಿತವಾದರೆ ಪ್ರತಿವಿಷವನ್ನು ಅಲ್ಲೇ ಶುರು ಮಾಡಬೇಕು. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ, ಏಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಕುದುರೆಯ ರಕ್ತದಿಂದ ತಯಾರಾಗುವ ಈ ಔಷಧ ಕೆಲವರಿಗೆ ಒಗ್ಗುವುದಿಲ್ಲ. ಹಾಗಾದರೆ ಜೀವ ಕಾಯುವುದು ಅಡ್ರಿನಲಿನ್ ಸೂಜಿಮದ್ದು. ಅದು ಕೈಯಳತೆಯಲ್ಲಿರಬೇಕು. ಆಮೇಲೆ 108 ಆಂಬುಲೆನ್ಸಿನಲ್ಲಿ ಮುಂದಿನ ಆಸ್ಪತ್ರೆಗೆ. ಏನೂ ಮಾಡದೆ ಸಾಗಹಾಕುವುದಕ್ಕೂ ಮದ್ದು ಕೊಟ್ಟು, ಚೀಟಿಯಲ್ಲಿ ಹೊತ್ತು ಬರೆದು ಕಳಿಸುವುದಕ್ಕೂ ಸಾವು ಬದುಕಿನ ಅಂತರವಿದೆ.

ಬಾರದವರ ಡಾಕ್ಟರು

ನಗರದ ತಜ್ಞರು ತಮ್ಮ ಬಳಿ ಬಂದವರನ್ನು ನೋಡುತ್ತಾರೆ. ಪಿಎಚ್‌ಸಿ ವೈದ್ಯರು ಬಾರದವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕ್ಷಯದ ಗುಳಿಗೆ ಎರಡೇ ತಿಂಗಳಿಗೆ ಬಿಟ್ಟವರು ಯಾರು? ಒಂದೇ ಬೀದಿಯ ನಾಲ್ವರಿಗೆ ವಾಂತಿಭೇದಿಯಾದರೆ ಗ್ಲೂಕೋಸ್ ಹಾಕಿದರಷ್ಟೇ ಸಾಲದು, ಆ ಬೀದಿಯ ನಲ್ಲಿಯನ್ನೂ ನೋಡಬೇಕು. ಮಲೆನಾಡಿನಲ್ಲಂತೂ ಕಾಡಿನ ಮಂಗ ಸತ್ತ ಸುದ್ದಿಯೂ ಆಸ್ಪತ್ರೆಗೆ ಮುಟ್ಟಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಅದೇ ಮೊದಲ ಎಚ್ಚರಿಕೆ.

ಈ ಲೆಕ್ಕಕ್ಕೆ ಬೆಲೆಯಿದೆ. ಎಲ್ಲ ಆಸ್ಪತ್ರೆಗಳೂ ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ಕಡ್ಡಾಯ ಮಾಡಿತು. ಎಲ್ಲಿ ಕಡಿತ ಹೆಚ್ಚೋ ಅಲ್ಲಿಗೆ ಔಷಧ ಮೊದಲು ಹೋಗಬೇಕಾದರೆ ಅಂಕಿ ಬೇಕೇ ಬೇಕು.

ನಾವು ಮಾಡಬಹುದಾದದ್ದು

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಮಂತ್ರ ಹಾಕಿಸಲು ಅಲೆಯಬೇಡಿ. ಕಚ್ಚಿದ ಕೈಕಾಲನ್ನು ಅಲುಗಿಸದೆ ಆಸ್ಪತ್ರೆಗೆ ಕರೆತನ್ನಿ. ಇನ್ನೊಂದು ಕೆಲಸವನ್ನೂ ಮಾಡಬಹುದು. ಊರಿನ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಮುಂದಿನ ಸಭೆಯಲ್ಲಿ "ಡಾಕ್ಟರು ಇದ್ದಾರಾ?" ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಪ್ರತಿವಿಷ ಇದೆಯೇ, ಅಡ್ರಿನಲಿನ್ ಇದೆಯೇ, ಗಾಜಿನ ನಳಿಕೆ ಇದೆಯೇ ಎಂದು ಕೇಳಿ. ಇವಿಲ್ಲದಿದ್ದರೆ ಡಾಕ್ಟರಿದ್ದೂ ಕೈಕಟ್ಟಿದಂತೆ.